ಟಬ್ಬಿನ ತಳದ ಎರೆಮಣ್ಣು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಎದುರಿಗೆ ಏನು ಕಂಡರೂ ‘ಯಾಕೆ ಹೀಗೆ?’ ಎಂದು ಕೇಳದಿದ್ದರೆ ಉಂಡ ರೊಟ್ಟಿ ಅರಗುವುದಿಲ್ಲ. ಹಾಲು ಉಕ್ಕಿದರೆ ಒಲೆ ಆರಿಸುವುದನ್ನು ಬಿಟ್ಟು, ಅದು ಯಾಕೆ ಉಕ್ಕಿತು ಎಂದು ನೋಡುತ್ತ ನಿಲ್ಲುವ ಜಾತಿ ನಾನು. ನನ್ನ ಹೆಂಡತಿ ಇದನ್ನು ‘ಕೆಲಸಿಲ್ಲದವರ ಉಸಾಬರಿ’ ಎನ್ನುತ್ತಾಳೆ. ನಿವೃತ್ತನಾದ ಮೇಲೆ ಆ ಮಾತಿಗೆ ಎದುರಾಡುವ ಧೈರ್ಯವೂ ನನಗೆ ಉಳಿದಿಲ್ಲ. ಇಂಥ ನನಗೆ ಈ ಬೇಸಿಗೆಯಲ್ಲಿ ಒಂದು ಪ್ರಶ್ನೆ ಗಂಟುಬಿತ್ತು. ಉತ್ತರ ಸಿಕ್ಕ ಮೇಲೆ, ಪ್ರಶ್ನೆಯಾಗಿಯೇ ಉಳಿದಿದ್ದರೆ ಚಲೋ ಇತ್ತಲ್ಲ ಅನಿಸಿತು.

ನರಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಸೊಸೆ ಸವಿತಾ ಲೈಸನ್ಸ್ ಪಡೆದು ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ನಡೆಸುತ್ತಾಳೆ. ದವಾಖಾನೆಯ ನರ್ಸು, ಸಾಲಿ ಟೀಚರು, ಹೊಲಿಗೆ ಅಂಗಡಿಯವಳು, ಇಂಥವರ ಹನ್ನೆರಡು ಮಕ್ಕಳು. ನರಗುಂದದ ಬಿಸಿಲು ನಿಮಗೆ ಗೊತ್ತಲ್ಲ, ಅಂಗಳದಲ್ಲಿ ಹಪ್ಪಳ ಮಾತ್ರವಲ್ಲ, ಮನುಷ್ಯರೂ ಒಣಗುತ್ತಾರೆ. ಮಕ್ಕಳ ಒದ್ದಾಟ ನೋಡಲಾರದೆ ಮಗ ಹುಬ್ಬಳ್ಳಿಯಿಂದ ಗಾಳಿ ತುಂಬುವ ನೀಲಿ ಟಬ್ ತಂದ. ಅಂಗಳದ ತುಂಬ ಹರಳುಕಲ್ಲು, ಟಬ್ಬಿಗೆ ತೂತು ಬಿದ್ದೀತೆಂದು ಬಾಗಿಲ ಪಕ್ಕದ ನುಣುಪಾದ ಹಾಸುಬಂಡೆಯ ಮೇಲೆ ಅದನ್ನು ಇಟ್ಟೆವು.

ಟಬ್ಬಿನ ಜೊತೆ ಸವಿತಾಳ ಕಾಯದೆಗಳೂ ಬಂದವು. ನೀರು ದಿನಾ ಹೊಸದು. ಮಕ್ಕಳಿಗೆ ಸಾಬೂನು ಹಚ್ಚಿ ಮೈ ತೊಳೆದೇ ಇಳಿಸಬೇಕು. ಭೇದಿ, ಗಾಯ, ಕಜ್ಜಿ ಇದ್ದವರಿಗೆ ಪ್ರವೇಶವಿಲ್ಲ. ಆಟ ಮುಗಿದೊಡನೆ ನೀರು ಚೆಲ್ಲಿ, ಬ್ರಷ್ಷಿನಿಂದ ತಿಕ್ಕಿ, ಬ್ಲೀಚಿಂಗ್ ಪೌಡರಿನ ನೀರಿನಿಂದ ಒರೆಸಿ, ಮತ್ತೆ ತೊಳೆದು, ಬಿಸಿಲಿಗೆ ಬೋರಲು ಹಾಕಬೇಕು. ಅವಳು ಮೊದಲ ದಿನ ಟಬ್ ಖಾಲಿ ಮಾಡಲು ಹೋದಾಗ ನಾನು ಅಡ್ಡ ಬಂದೆ. ನಮ್ಮವ್ವ ಒಂದು ಚರಿಗೆ ನೀರಿನಲ್ಲಿ ಮುಖ ತೊಳೆದು, ಅದೇ ನೀರಿಗೆ ಕಾಲೊಡ್ಡಿ, ಅದೇ ನೀರು ಮಲ್ಲಿಗೆ ಬಳ್ಳಿಗೆ ಹರಿಯುವಂತೆ ಮಾಡಿದವಳು.

“ನಾಳಿಗೂ ಆಗ್ತದಲ್ಲವಾ. ಒಂದೀಟು ಪಟಿಕ ತಿರುವಿದ್ರ ನೀರು ತಿಳಿ ಆಗ್ತದ” ಎಂದೆ.

“ಮಾವಾರ, ಹನ್ನೆರಡು ಕೂಸು ಕುಂತು ಎದ್ದ ನೀರದು. ತಿಳಿ ಕಂಡದ್ದೆಲ್ಲಾ ಸ್ವಚ್ಛ ಅಂತ ನಿಮ್ಮ ವಿಜ್ಞಾನದಾಗ ಬರದೈತೇನ್ರಿ?” ಎಂದಳು. ಬರೆದಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ದಿನಾ ಹತ್ತು ಗಂಟೆಗೆ ಸವಿತಾ ಟಬ್ ತುಂಬಿಸಿ, ಬಿಸಿಲಿಗೆ ನೀರು ಕೊಂಚ ಕಾಯಲೆಂದು ಬಿಟ್ಟು, ಮಕ್ಕಳನ್ನು ಒಳಗೆ ಕೂಡಿಸಿ ಬಾಗಿಲಿಗೆ ಚಿಲಕ ಹಾಕುತ್ತಾಳೆ. ಹನ್ನೊಂದೂವರೆಗೆ ಬಂದು ನೋಡಿದರೆ ತಳದಲ್ಲಿ ಕಪ್ಪು ಎರೆಮಣ್ಣು! ಒಂದು ಮಗುವೂ ಇಳಿದಿಲ್ಲ. ಮತ್ತೆ ಚೆಲ್ಲು, ಮತ್ತೆ ತಿಕ್ಕು, ಮತ್ತೆ ತುಂಬು. ನಳ ಬರುವುದೇ ಅಪರೂಪವಾದ ಊರಿನಲ್ಲಿ ಇದೆಂಥ ಶಿಕ್ಷೆ! ಸಾಲದ್ದಕ್ಕೆ, ಒಂದು ದಿನ ತಪಾಸಣೆಯ ಮೇಡಂ ಸರಿಯಾಗಿ ಅದೇ ಹೊತ್ತಿಗೆ ಬಂದರು.

“ಏನ್ರಿ ಇದು? ಹೊಸಾ ನೀರು ಅಂತೀರಿ, ತಳದಾಗ ಎರಿ ಹೊಲಾನೇ ಅದಲ್ರಿ! ಮುಂದಿನ ಸಲ ಹಿಂಗ ಕಂಡ್ರ ಲೈಸನ್ಸ್ ರಿನ್ಯೂವಲ್ಲಿಗೆ ನಾ ಸಹಿ ಹಾಕೂದಿಲ್ಲ.”

ಅವತ್ತು ಸವಿತಾ ಊಟ ಮಾಡಲಿಲ್ಲ. ಲೈಸನ್ಸ್ ಹೋದರೆ ಅವಳ ನಾಲ್ಕು ವರ್ಷದ ಕಷ್ಟ ನೀರುಪಾಲು. ಹನ್ನೆರಡು ತಾಯಂದಿರು ಕೆಲಸ ಬಿಟ್ಟು ಮನೆಯಲ್ಲಿ ಕೂಡಬೇಕು. “ಚಿಂತಿ ಮಾಡಬ್ಯಾಡವಾ, ಕಳ್ಳನ್ನ ನಾ ಹಿಡೀತೀನಿ” ಎಂದು ಮಾತು ಕೊಟ್ಟೆ.

ಇನ್ನೂರು ಪುಟದ ನೋಟಬುಕ್ ತಂದೆ. ಮೊದಲ ಸಂಶಯ ಗಾಳಿಯ ಮೇಲೆ. ಟಬ್ಬಿನ ಪಕ್ಕ ಒಂದು ತಾಟಿನಲ್ಲಿ ನೀರಿಟ್ಟು ನೋಡಿದೆ. ತಾಟು ಶುದ್ಧ, ಟಬ್ ಅಶುದ್ಧ. ಗಾಳಿ ನಿರಪರಾಧಿ ಎಂದು ಬರೆದೆ. ಎರಡನೆಯ ಸಂಶಯ ಪಕ್ಕದ ಮನೆಯ ಖಾಜಾಸಾಬರ ಆಡಿನ ಮೇಲೆ. ಅದರ ಕಾಲನ್ನು ಬೋಗುಣಿಯಲ್ಲಿ ಅದ್ದಿ, ತೊಳೆದ ಮಣ್ಣನ್ನು ಭೂತಗನ್ನಡಿಯಿಂದ ನೋಡುತ್ತಿದ್ದೆ. ಖಾಜಾಸಾಬರು ಹೊರಗೆ ಬಂದರು.

“ಮಾಸ್ತರ, ಆಡಿಗೆ ಲಗ್ನ ಗೊತ್ತಾಗೇತೇನ್ರಿ? ಮದುಮಗನ ಕಾಲು ತೊಳದಂಗ ತೊಳ್ಯಾಕ ಹತ್ತೀರಿ!”

ಆಡಿನ ಕಾಲಲ್ಲಿ ಕೆಂಪು ಧೂಳಿತ್ತು, ಎರೆಮಣ್ಣಲ್ಲ. ಅದೂ ಪಾರಾಯಿತು.

ಕೊನೆಗೆ, ಚಿಕ್ಕನರಗುಂದದ ಹಾದಿಯಲ್ಲಿರುವ ನಮ್ಮ ತುಂಡು ಹೊಲಕ್ಕೆ ಮುಂಜಾನೆ ಹೋಗುವುದನ್ನೇ ಬಿಟ್ಟು ಮೂರು ದಿನ ಅಂಗಳದ ಕಟ್ಟೆಯ ಮರೆಯಲ್ಲಿ ಕೂತೆ. ಮೂರು ದಿನವೂ ನೀರು ಕನ್ನಡಿ! ನಾಲ್ಕನೆಯ ದಿನ ಹೊಲಕ್ಕೆ ಹೋಗಿ ಬಂದೆ, ಮಣ್ಣು ಹಾಜರು. ನೋಟಬುಕ್ಕಿನಲ್ಲಿ ಹೆಮ್ಮೆಯಿಂದ ಬರೆದೆ: ‘ಅಪರಾಧಿ ಭಾರಿ ಹುಷಾರ್. ನಾನು ಮನೆಯಲ್ಲಿದ್ದರೆ ಬರುವುದಿಲ್ಲ.’ ಇಡೀ ತನಿಖೆಯಲ್ಲಿ ನಾನು ಬರೆದ ಖರೇ ಮಾತು ಅದೊಂದೇ ಎಂದು ಆಮೇಲೆ ತಿಳಿಯಿತು.

ಮರುವಾರ ನಾನು ಹೊಲದಿಂದ ಬಂದು ಒಳಗೆ ಕೂತು ಹತ್ತು ನಿಮಿಷವಾಗಿರಲಿಲ್ಲ, ಮೇಡಂ ಬಂದರು. ಟಬ್ಬಿಗೆ ಬಗ್ಗಿದರು. ಎರೆಮಣ್ಣು. ಸವಿತಾಳ ಮುಖ ಬಿಳಿಚಿಕೊಂಡಿತು. ನಾನು ನೋಟಬುಕ್ ಹಿಡಿದು ನಡುವೆ ನಿಂತೆ. ಗಾಳಿ, ತಾಟು, ಆಡು ಎಲ್ಲವನ್ನೂ ವಿವರಿಸಿ, “ಒಟ್ಟಿನ ಮ್ಯಾಲ ಮೇಡಂ, ಯಾವನೋ ನಾ ಹೊಲಕ್ಕ ಹೋದದ್ದು ನೋಡೇ ಬರ್ತಾನ್ರಿ” ಎಂದೆ. ಅವರೂ ಆಸಕ್ತಿಯಿಂದ ಕೇಳುತ್ತಿದ್ದರು.

ಆಗ ಕಿಟಕಿಯ ಸರಳಿನ ಸಂದಿಯಿಂದ ನಾಲ್ಕು ವರ್ಷದ ಮುಬೀನಾ, ಹೊಲಿಗೆ ಅಂಗಡಿಯವಳ ಮಗಳು, ನನ್ನ ಬಗ್ಗೆ ಅಭಿಮಾನ ತುಂಬಿ ಹೇಳಿದಳು: “ನಮ್ಮ ಅಜ್ಜ ಭಾಳ ಸ್ವಚ್ಛ ಅದಾನ್ರಿ. ಹೊಲದಿಂದ ಬಂದು ದಿನಾ ಅದರಾಗ ಕಾಲು ತೊಳಕೊಂಡೇ ಒಳಗ ಬರ್ತಾನ!”

ಮೇಡಂ ನನ್ನ ಕಾಲು ನೋಡಿದರು. ಸವಿತಾ ನೋಡಿದಳು. ನಾನೂ ನೋಡಿಕೊಂಡೆ. ಇನ್ನೂ ಹಸಿ ಇದ್ದವು, ಬೆರಳ ಸಂದಿಯಲ್ಲಿ ಕಪ್ಪು ಮಣ್ಣಿತ್ತು.

ಆ ಹಾಸುಬಂಡೆ ನಮ್ಮ ಮನೆಯಲ್ಲಿ ಕಾಲು ತೊಳೆಯಲೆಂದೇ ಹಾಕಿದ್ದು. ಹುಟ್ಟಿದಾಗಿನಿಂದ ನಾನು ಹೊರಗಿನಿಂದ ಬಂದವನೇ ಚಸ್ಮಾ ತೆಗೆದು ಜೇಬಿಗಿಟ್ಟು, ಬ್ಯಾರಲ್ಲಿನಿಂದ ಚರಿಗೆ ನೀರು ಮುಖಕ್ಕೆ ಹಾಕಿ, ಕಣ್ಣು ಮುಚ್ಚಿ ‘ಶಿವಾ ಶಿವಾ’ ಎನ್ನುತ್ತ ಬಂಡೆಯ ಮೇಲೆ ಒಂದೊಂದೇ ಕಾಲು ಚಾಚಿ ತೊಳೆದವನು. (ಹುಟ್ಟಿದಾಗ ಚಸ್ಮಾ ಇರಲಿಲ್ಲ, ಬಿಡಿ.) ಬಂಡೆಯ ಮೇಲೆ ಟಬ್ ಬಂದದ್ದು ನನ್ನ ತಲೆಗೆ ತಿಳಿದಿತ್ತು. ಕಾಲಿಗೆ ಯಾರೂ ಹೇಳಿರಲಿಲ್ಲ.

ಮೇಡಂ ಸೆರಗು ಬಾಯಿಗೊತ್ತಿ ನಕ್ಕರು. ಟಬ್ ಬೇವಿನ ಗಿಡದ ಕೆಳಗೆ ದಪ್ಪ ಚಾಪೆಯ ಮೇಲೆ ಹೋಗುವವರೆಗೆ, ತಿಕ್ಕಿ ತೊಳೆದು ಹೊಸ ನೀರು ತುಂಬುವವರೆಗೆ ಕಾದು ನಿಂತರು. ಆಮೇಲೆ ಸಹಿ ಹಾಕಿದರು. ಸವಿತಾ ಗೋಡೆಯ ಮೇಲಿನ ಕಾಯದೆ ಪಟ್ಟಿಯಲ್ಲಿ ಭೇದಿ, ಗಾಯ, ಕಜ್ಜಿಯ ಕೆಳಗೆ ‘ಮಾವಾರು’ ಎಂದು ಸೇರಿಸಿದಳು.

ನನಗೆ ಮಾತ್ರ ಒಂದು ಕುತೂಹಲ ಉಳಿದಿತ್ತು. ಸಂಜೆ ಮುಬೀನಾಳನ್ನು ಪಕ್ಕಕ್ಕೆ ಕರೆದು, “ಅಲ್ಲವಾ, ದಿನಾ ನೋಡ್ತಿದ್ದಿ, ಮೊದಲ ಯಾಕ ಹೇಳಲಿಲ್ಲ?” ಎಂದು ಕೇಳಿದೆ.

“ನೀ ಆಡಿನ್ನ ಕೇಳಿದಿ ಅಜ್ಜಾ,” ಎಂದಳು, “ನನ್ನ ಕೇಳಲೇ ಇಲ್ಲ.”