ಮೆಹೆಕ ದಡ್ಡಿಯಲ್ಲ ಎಂಬ ವಿಷಯವಾಗಿ

ಈ ಬಿಸಿಲಿನಲ್ಲೂ ಟೈ ಸಡಿಲಿಸದ, ಇಂಗ್ಲಿಷ್ ಮಾಧ್ಯಮ ಶಾಲೆಯ ಮುಖ್ಯೋಪಾಧ್ಯಾಯರಾದ ಮಾನ್ಯರೇ,

ಐಗಳಿಯಲ್ಲಿ ಹೊಲಿಗೆ ಯಂತ್ರ ನಡೆಸುವ ಬಿಸ್ಮಿಲ್ಲಾ ಎಂಬ ನಾನು, ಆರನೇ ತರಗತಿಯ ಮೆಹೆಕಳ ತಾಯಿ, ಸಲಾಂ ಹೇಳಿ ಬರೆದುಕೊಳ್ಳುವುದೇನೆಂದರೆ: ಕನ್ನಡ ಶಾಲೆಯಿಂದ ತಮ್ಮಲ್ಲಿಗೆ ಬಂದ ಮೂರೇ ತಿಂಗಳಿಗೆ ಮಗಳ ಕೈಯಲ್ಲಿ ತಾವು ಕಳಿಸಿದ ಇಂಗ್ಲಿಷ್ ಪತ್ರ ಎಷ್ಟು ಚೆಂದವಿತ್ತೆಂದರೆ, ಅದನ್ನು ಪ್ರಶಸ್ತಿಪತ್ರವೆಂದು ತಿಳಿದು ನಾವು ಓಣಿಗೆಲ್ಲ ಶೀರಾ ಹಂಚಿದೆವು. ಪಕ್ಕದ ಮನೆಯ ಮನಿಷಾ ಶೀರಾ ತಿನ್ನುತ್ತಲೇ ಪತ್ರ ಓದಿ, “ಅಕ್ಕಾರ, ಮೆಹೆಕನ್ನ ಹೊಳ್ಳಿ ಐದನೇ ಕ್ಲಾಸಿಗಿ ಕುಂಡ್ರಸ್ತಾರಂತ್ರೀ” ಎಂದಳು. ಮಗಳಿಗೆ ಇದು ಶಾಲೆಯಲ್ಲೇ ತಿಳಿದಿತ್ತಂತೆ. ಶೀರಾ ಮುಟ್ಟದೆ ಬಾಗಿಲ ಹಿಂದೆ ನಿಂತಿದ್ದಳು.

ಮರುದಿನ ಪಾಲಕರ ಸಭೆಯಲ್ಲಿ ತಾವು ಒಂದು ತಾಸು ಇಂಗ್ಲಿಷಿನಲ್ಲಿ ಮಾತನಾಡಿದಿರಿ. ನಮ್ಮಲ್ಲಿ ಮುಕ್ಕಾಲು ಜನಕ್ಕೆ ಒಂದಕ್ಷರವೂ ತಿಳಿಯದಿದ್ದರೂ ತಮ್ಮ ಗೌರವಕ್ಕೆ ಕುಂದು ಬಾರದಂತೆ ತಲೆಯಾಡಿಸಿದೆವು. ಕೊನೆಗೆ ಒಪ್ಪಿಗೆಯ ಹಾಳೆ ನನ್ನ ಮುಂದಿಟ್ಟಾಗ ಎದ್ದು ನಿಂತು ಹೇಳಿದೆ: “ಸರ್, ಸಹಿ ಆಮ್ಯಾಲ ಮಾಡ್ತೀನ್ರಿ. ಮೊದಲ ಆಕೀಗಿ ಒಂದ ಲೆಕ್ಕಾ ಕನ್ನಡದಾಗ ಕೇಳ್ರಿ.” ಹಿಂದಿನಿಂದ ತವನಪ್ಪ ಕಾಕಾ, “ಹೌದ್ರಿ, ನಮ್ಮ ಮೊಮ್ಮಗಗೂ ಹಂಗ ಕೇಳ್ರಿ” ಎಂದು ದನಿಗೂಡಿಸಿದರು.

ಗಣಿತದ ಕುಸುಮ ಟೀಚರು, ರವಿಕೆಗೆ ಮುಕ್ಕಾಲು ಮೀಟರಿನಂತೆ ಹನ್ನೆರಡು ಮೀಟರ್ ಬಟ್ಟೆಯಲ್ಲಿ ಎಷ್ಟು ರವಿಕೆ ಎಂದು ಕೇಳಿದರು.

“ಹದಿನಾರ್ರಿ,” ಎಂದಳು ನನ್ನ ಪಕ್ಕದಲ್ಲಿದ್ದ ಮೆಹೆಕ. “ಆದ್ರ ಅಮ್ಮಿ ಹದಿನೇಳ ಮಾಡ್ತಾಳ್ರಿ.”

ಸಭೆಯೆಲ್ಲ ನಕ್ಕಿತು. ಗಿರಾಕಿಗಳ ಮುಂದೆ ನನ್ನ ಮಾನ ಹೋಯಿತಾದರೂ ಮಗಳ ಮಾನ ಉಳಿಯಿತು. ತಾವೂ ನಕ್ಕಿರಿ, ಆ ನಗು ಅಪ್ಪಟ ಕನ್ನಡದಲ್ಲಿತ್ತು. ತಾವೇ ಆ ಹಾಳೆಯನ್ನು ಹರಿದು, ಮೆಹೆಕ ಆರರಲ್ಲೇ ಇರಲಿ, ಟೀಚರುಗಳು ದಿನಕ್ಕೆ ಅರ್ಧ ತಾಸು ಪಾಠವನ್ನು ಕನ್ನಡದಲ್ಲೂ ಬಿಡಿಸಿ ಹೇಳಲಿ ಎಂದು ಅಪ್ಪಣೆ ಕೊಡಿಸಿದ ಔದಾರ್ಯವನ್ನು ನಾನು ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಆದರೂ ದೂರು ತಪ್ಪಲಿಲ್ಲ. ತಮ್ಮ ಕೃಪೆಯಿಂದ ಧೈರ್ಯ ಬಂದ ಮೆಹೆಕ ಈಗ ನಮ್ಮ ಕೋಳಿಗಳನ್ನೂ ಇಂಗ್ಲಿಷಿನಲ್ಲೇ ಕರೆಯುತ್ತಾಳೆ, ಅವು ಗೂಡಿಗೆ ಬರುತ್ತಿಲ್ಲ. ಆದ್ದರಿಂದ ಅವುಗಳಿಗೂ ದಿನಕ್ಕೆ ಅರ್ಧ ತಾಸು ಕನ್ನಡದಲ್ಲಿ ತಿಳಿಹೇಳಲು ಒಬ್ಬ ಶಿಕ್ಷಕರನ್ನು ಕಳಿಸಿಕೊಡಬೇಕೆಂದು ಕೈಮುಗಿದು ಬೇಡುತ್ತೇನೆ.

ಇನ್ನು ಮುಂದೆ ತಿಳಿಯದೆ ತಲೆಯಾಡಿಸದ,
ತಮ್ಮ ವಿಶ್ವಾಸಿ,
ಬಿಸ್ಮಿಲ್ಲಾ, ಐಗಳಿ

ತಾ.ಕ.: ಮುಂದಿನ ಸಭೆಯ ಸೂಚನೆ ಕನ್ನಡದಲ್ಲೇ ಬಂದು ಕಣ್ಣು ತುಂಬಿತು. ಆದರೆ ಅದರಲ್ಲಿ ‘ಪಾಲಕರ’ ಎನ್ನುವಲ್ಲಿ ‘ಬಾಲಕರ ಸಭೆ’ ಎಂದಿದೆ. ನಲವತ್ತೈದರ ಬಾಲಕರಾದ ನಮ್ಮ ಯಜಮಾನ ಮೈಬೂಬರು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಸಿದ್ಧರಾಗಿದ್ದಾರೆ. ಮುಂದಿನ ಬೆಂಚೇ ಬೇಕಂತೆ.