ಕಡೀ ಪಂಕ್ತಿಯ ಮಾಮಾ

ನಮ್ಮ ಮಾಮಾ ಅವರಷ್ಟು ಮದುವೆಗಳಿಗೆ ಹೋದವರು ಬೈಲಹೊಂಗಲ ಸುತ್ತಮುತ್ತ ಇನ್ನೊಬ್ಬರು ಇರಲಿಕ್ಕಿಲ್ಲ. ಆದರೆ ಈ ವರ್ಷದ ತನಕ ಅಷ್ಟು ಮದುವೆಗಳಲ್ಲಿ ಒಂದರಲ್ಲಾದರೂ ಅವರು ಬಿಸಿ ಭಜಿ ತಿಂದದ್ದನ್ನು ನೋಡಿದ್ದೇನೆ ಎಂದು ಯಾರಾದರೂ ಎದೆ ಮುಟ್ಟಿಕೊಂಡು ಹೇಳಲಿ ನೋಡೋಣ! ಅವರ ತಾಟಿಗೆ ಬರುವ ಹೊತ್ತಿಗೆ ಭಜಿ ಆರಿ, ಮೆತ್ತಗಾಗಿ, ತಾನು ಯಾವ ಕಾಲದಲ್ಲಿ ಭಜಿಯಾಗಿದ್ದೆ ಎಂಬುದನ್ನೇ ಮರೆತಿರುತ್ತದೆ. ಹುಗ್ಗಿ ಪಾತ್ರೆಯ ತಳ ಹಿಡಿದಿರುತ್ತದೆ. ಎಣ್ಣೆಗಾಯಿ ಪಲ್ಯದಲ್ಲಿ ಬದನೆಕಾಯಿಯ ತೊಟ್ಟುಗಳಷ್ಟೇ ಉಳಿದಿರುತ್ತವೆ. ಅದನ್ನೇ ಮಾಮಾ ಸಮಾಧಾನದಿಂದ ಉಂಡು, ತೇಗಿ, ಅಡುಗೆ ಭಾಳ ಚಲೋ ಆಗಿತ್ತು ಎನ್ನುತ್ತಾರೆ. ಯಾವ ಅಡುಗೆ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಇಲ್ಲ.

ಮಾಮಾ ಎಂದರೆ ನಮ್ಮವ್ವನ ಅಣ್ಣ. ಬಡವರೇನಲ್ಲ. ಸಂಪಗಾಂವದಲ್ಲಿ ದೊಡ್ಡ ಮನೆ, ಎರೆಹೊಲ, ಊರಿನಲ್ಲಿ ನಾಲ್ಕು ಮಂದಿ ಕೇಳುವ ಮಾತು. ಅವರು ಬಂದರೆ ಕಟ್ಟೆಯ ಮೇಲೆ ಕೂತವರು ಎದ್ದು ಜಾಗ ಬಿಡುತ್ತಾರೆ. ಇಂಥವರಿಗೆ ನಮ್ಮ ಕಡೆ ಮದುವೆಯಲ್ಲಿ ಮೊದಲ ಪಂಕ್ತಿ ಕಾದಿರುತ್ತದೆ. ಬೀಗರು, ಹಿರಿಯರು, ಮಾನದ ಮನೆತನದವರು ಮೊದಲು. ಆಮೇಲೆ ಉಳಿದ ಗಂಡಸರು. ಆಮೇಲೆ ಹೆಣ್ಣುಮಕ್ಕಳು. ಆಮೇಲೆ ಬಡಿಸಿದವರು. ಆಮೇಲೆ, ನಸುಕಿನಿಂದ ಒಲೆಯ ಮುಂದೆ ನಿಂತು ಅಷ್ಟೂ ಜನಕ್ಕೆ ಬೇಯಿಸಿದವರು. ಎಲ್ಲ ಮುಗಿದ ಮೇಲೆ, ಹೊರಗೆ ಬೇವಿನ ಗಿಡದ ಕೆಳಗೆ, ಸನಾದಿ ಊದಿ ಡೊಳ್ಳು ಬಡಿದವರು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಆದರೆ ಎಂಥ ದಡ್ಡನೂ ತನ್ನ ಪಂಕ್ತಿ ಯಾವುದೆಂದು ತಪ್ಪದೇ ತಿಳಿದಿರುತ್ತಾನೆ.

ತಿಳಿಯದವರು ನಮ್ಮ ಮಾಮಾ ಒಬ್ಬರೇ. ಯಾರಾದರೂ ಕೈ ಹಿಡಿದು ಮೊದಲ ಪಂಕ್ತಿಗೆ ಎಳೆದರೆ ಅವರದು ಒಂದೇ ಪ್ರಶ್ನೆ: "ಅಡಗಿ ಮಾಡಿದವರು ಉಂಡ್ರೇನು?" ಇಲ್ಲ ಎಂದರೆ, "ಹಂಗಾರ ನನಗೂ ಇನ್ನ ಹಸಿವಿಲ್ಲ" ಎಂದು ಒಂದು ಕಂಬ ನೋಡಿಕೊಂಡು ಒರಗಿಬಿಡುತ್ತಾರೆ. ಭಾಷಣವಿಲ್ಲ, ಬುದ್ಧಿವಾದವಿಲ್ಲ. ಅದು ಇದ್ದಿದ್ದರೆ ಎಷ್ಟೋ ಚಲೋ ಇತ್ತು! ಭಾಷಣ ಮಾಡುವವರಿಗೆ ಚಪ್ಪಾಳೆ ತಟ್ಟಿ ಊಟಕ್ಕೆ ಕೂಡಿಸಬಹುದು. ಸುಮ್ಮನೆ ಕಂಬಕ್ಕೆ ಒರಗಿ ನಿಂತವರ ಮುಂದೆ ತುತ್ತು ಎತ್ತುವುದು ಹೇಗೆ?

ಈ ಹುಚ್ಚು ಅವರ ಮನೆಯಲ್ಲಿ ಶುರುವಾದ ಕತೆಯನ್ನು ನಮ್ಮವ್ವ ಇಂದಿಗೂ ನಕ್ಕು ನಕ್ಕು ಹೇಳುತ್ತಾಳೆ. ಮಾಮಾ ಆಗಷ್ಟೇ ಮದುವೆಯಾಗಿದ್ದರು. ಅತ್ತೆ ಹೊಸ ಸೊಸೆ. ಗಂಡ ಉಣ್ಣದೆ ತಾನು ಉಣ್ಣಬಾರದೆಂದು ತವರಿನಲ್ಲಿ ಕಲಿತು ಬಂದವಳು. ಮಾಮಾ, ರೊಟ್ಟಿ ಬಡಿದವಳು ಉಣ್ಣದೆ ತಾನು ಉಣ್ಣುವುದಿಲ್ಲ ಎಂದು ಕೂತರು. ಅತ್ತೆ ಒಲೆಯ ಮುಂದೆ, ಮಾಮಾ ಗೋಡೆಯ ಕಡೆ, ನಡುವೆ ಆರುತ್ತಿರುವ ರೊಟ್ಟಿ! ಇಷ್ಟರಲ್ಲಿ ನಮ್ಮಜ್ಜಿ ಬಂದಳು. ಆ ಮನೆಯಲ್ಲಿ ಕಡೆಗೆ ಉಣ್ಣುವ ಹಕ್ಕು ಮದುವೆಯಾಗಿ ಬಂದಾಗಿನಿಂದ ಅಜ್ಜಿಯದು, ಅದನ್ನು ಅವಳು ನಿನ್ನೆ ಬಂದ ಸೊಸೆಗೆ ಬಿಟ್ಟುಕೊಡುತ್ತಾಳೆಯೇ? ಅವಳೂ ಕೂತಳು. ಮೂವರೂ ಹಸಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಬೆಕ್ಕು ಬಂದು ಬೆಣ್ಣೆ ತಿಂದು ಹೋಯಿತಂತೆ.

ಕಡೆಗೆ ಅಜ್ಜಿಯೇ ಸೋತಳು. ಎಲ್ಲ ರೊಟ್ಟಿ ಬಡಿದು ಬುಟ್ಟಿಗೆ ಹಾಕಿ, ಒಲೆ ಆರಿಸಿ, ಮೂವರೂ ಸುತ್ತ ಕೂತು ಉಣ್ಣುವುದೆಂದು ತೀರ್ಮಾನವಾಯಿತು. ನಮ್ಮ ಕಡೆ ಗಂಡಸಿನ ಮರ್ಯಾದೆ ಇರುವುದೇ ಹಂಚಿನಿಂದ ನೇರ ತಾಟಿಗೆ ಬೀಳುವ ಬಿಸಿ ರೊಟ್ಟಿಯಲ್ಲಿ. ಅಂಥದ್ದರಲ್ಲಿ ಅಷ್ಟು ದೊಡ್ಡ ಮನೆತನದ ಯಜಮಾನ ದಿನಾಲೂ ಆರಿದ ರೊಟ್ಟಿ ತಿನ್ನುತ್ತಾನೆಂದು ಓಣಿಯೆಲ್ಲ ಮರುಗಿತು. ಅಜ್ಜಿ ಬಾವಿಕಟ್ಟೆಯಲ್ಲಿ ಮಗನನ್ನು ಬೈಯುತ್ತಿದ್ದಳಂತೆ. ಆದರೆ ಮನೆಗೆ ಬಂದು, ಬುಟ್ಟಿಯ ನಡುವಿನ ಮೆತ್ತನೆಯ ರೊಟ್ಟಿ ಹುಡುಕಿ, ಬೆಣ್ಣೆ ಹಚ್ಚಿಕೊಂಡು, ಸೊಸೆಯ ಜೊತೆ ಮಾತಾಡುತ್ತ ಸಾವಕಾಶ ಉಣ್ಣುತ್ತಿದ್ದಳಂತೆ.

ಮನೆಯದೇನೋ ಬಗೆಹರಿಯಿತು. ಮದುವೆಮನೆ ಹಾಗಲ್ಲ. ನನ್ನ ತಂಗಿಯ ಮದುವೆಯಲ್ಲಿ ಕಟಕೋಳದ ಬೀಗರು ಬಂದಿದ್ದರು. ಅವರ ಹಿರಿಯರು ಹುರಿ ಮೀಸೆಯ, ಮಾತು ಕಡಿಮೆಯ ಮನುಷ್ಯ. ಹುಡುಗಿಯ ಸೋದರಮಾವ ಪಕ್ಕದಲ್ಲಿ ಕೂತು ಮೊದಲ ತುತ್ತು ಎತ್ತದೆ ತಾವು ಉಣ್ಣುವುದಿಲ್ಲ ಎಂದರು. ಅದು ಅವರ ಮನೆತನದ ಪದ್ಧತಿ. ಸೋದರಮಾವ ಎಲ್ಲಿ? ಬೇವಿನ ಗಿಡದ ಕೆಳಗೆ ಸನಾದಿಯವರ ಜೊತೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು! ಕರೆತಂದರೆ ಅದೇ ಪ್ರಶ್ನೆ. ಬೀಗರ ಮೀಸೆ ನೆಟ್ಟಗಾಯಿತು. ಹಾಗಿದ್ದರೆ ತಾವೂ ಕಾಯುತ್ತೇವೆ ಎಂದರು. ಒಬ್ಬರದು ನೇಮ, ಒಬ್ಬರದು ಹಠ. ಎರಡಕ್ಕೂ ಹಸಿವು ಮಾತ್ರ ನಮ್ಮದು. ನನ್ನ ತಂಗಿ ಬಾಸಿಂಗ ಕಟ್ಟಿಕೊಂಡು ಅಳಲಿಕ್ಕೆ ಶುರುಮಾಡಿದಳು.

ಗಡಿಬಿಡಿಯಲ್ಲಿ ನಮ್ಮಪ್ಪ ಅಡುಗೆಯವರನ್ನೆಲ್ಲ ಕರೆದು ಚಪ್ಪರದ ನಡುವೆ ಸಾಲಾಗಿ ಕೂಡಿಸಿದರು. ಅವರ ಮುಂದಾಳು ಒಬ್ಬ ಹೆಣ್ಣುಮಗಳು. ಕಿತ್ತೂರಿನಿಂದ ರಾಮದುರ್ಗದವರೆಗೆ ಯಾರ ಮನೆಯ ಮದುವೆಯಾದರೂ ಅವಳದೇ ಅಡುಗೆ. ಪಾಪ, ಆಕೆ ಬೆವರು ಒರೆಸಿಕೊಳ್ಳುತ್ತ ಬಂದು ಕೂತಳು. ಸುತ್ತ ಹಸಿದ ಮಂದಿ ನಿಂತು ಇವಳು ಯಾವಾಗ ಎದ್ದಾಳು ಎಂದು ನೋಡುತ್ತಿದ್ದರೆ ತುತ್ತು ಇಳಿಯುತ್ತದೆಯೇ? ಎರಡು ತುತ್ತು ನುಂಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದಳು. ಮಾಮಾ ಪಕ್ಕದಲ್ಲಿ ಕೂತು ಆರಿದ ಅಡುಗೆಯ ಮೊದಲ ತುತ್ತು ಎತ್ತಿದರು, ಬೀಗರು ಉಂಡರು, ಮದುವೆ ಸುಸೂತ್ರವಾಯಿತು. ಆದರೆ ಆ ಸಂಜೆ ಮಾಮಾ ನಮ್ಮವ್ವನ ಮುಂದೆ ಕೂತು ಹೇಳಿದ್ದು ನನಗೆ ನೆನಪಿದೆ.

"ಇವತ್ತ ನಾ ತಪ್ಪ ಮಾಡಿದೆ ತಂಗಿ. ಅದು ಆಕಿಗೆ ಉಣಿಸಿದ್ದಲ್ಲ. ಆಕಿನ್ನ ಮಂದಿ ಮುಂದ ನಿಂದರಿಸಿದ್ದು."

ಅಂದಿನಿಂದ ಮಾಮಾ ಯಾರ ಪಂಕ್ತಿಯನ್ನೂ ತಡೆಯಲಿಲ್ಲ. ಕರೆಯಲು ಬಂದವರಿಗೆ ಕೈಮುಗಿದು, ನಿಮ್ಮದು ಸಾಗಲಿ ಎಂದು, ತಾವು ಮಾತ್ರ ಕಡೆಗೆ ಹೋಗಿ ಅಡುಗೆಯವರ ನಡುವೆ ಕೂಡತೊಡಗಿದರು. ಜನ ಮೊದಲು ನಕ್ಕರು, ಆಮೇಲೆ ಅವರಿಗೂ ರೂಢಿಯಾಯಿತು. ಯಾವ ಚಪ್ಪರದಲ್ಲಾದರೂ ಪಾತ್ರೆ ಕೆರೆಯುವ ಸದ್ದು ಕೇಳಿಸಿತೆಂದರೆ, ಮಾಮಾ ಊಟಕ್ಕೆ ಕೂತರು ಎಂದು ತಿಳಿಯಬಹುದಿತ್ತು.

ನಡುವೆ ನಮ್ಮ ಕಡೆಗೂ ಬಫೆ ಬಂತು. ಪಂಕ್ತಿಯೇ ಇಲ್ಲ, ಇನ್ನು ಮಾಮಾ ಏನು ಮಾಡುತ್ತಾರೆ, ಗೆದ್ದೆವು ಎಂದುಕೊಂಡೆವು. ಮಾಮಾ ತಾಟು ಹಿಡಿದು ಸುತ್ತ ನೋಡಿದರು. ಟೇಬಲ್ಲಿನ ಹಿಂದೆ ಬುಂದಿ ಲಾಡು ಹಾಕುತ್ತ ನಿಂತಿದ್ದ ಹುಡುಗಿ ಕಣ್ಣಿಗೆ ಬಿದ್ದಳು. ಆಕೆಯನ್ನು ಊಟಕ್ಕೆ ಕಳಿಸಿ, ಚಿಮಟ ಇಸಿದುಕೊಂಡು ತಾವೇ ನಿಂತರು. ನಮ್ಮ ಭಾಗದ ದೊಡ್ಡ ಪುಢಾರಿಯೊಬ್ಬರು ಹಿಂಬಾಲಕರೊಡನೆ ಬಂದು ತಾಟು ಚಾಚಿದರು. ಮಾಮಾ ಒಂದು ಲಾಡು ಹಾಕಿದರು. ತಾಟು ಸರಿಯಲಿಲ್ಲ. ಮಾಮಾ ಮೆತ್ತಗೆ, ಎಲ್ಲರಿಗೂ ಒಂದೊಂದೇ ಎಂದು ಹೇಳಿ ಹಿಂದಿನವರ ಕಡೆ ನೋಡಿದರು. ಪುಢಾರಿಗೆ ಒಂದೇ ಲಾಡು ಸಿಕ್ಕ ಏಕಮಾತ್ರ ಮದುವೆ ಅದೇ ಇರಬೇಕು!

ಇಷ್ಟರವರೆಗೆ ಎಲ್ಲ ನಗುವ ಮಾತೇ ಆಗಿತ್ತು. ಆಮೇಲೆ ಮಾಮಾಗೆ ಸಕ್ಕರೆ ಕಾಯಿಲೆ ಬಂತು. ಗುಳಿಗೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು, ತಡಮಾಡಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಮಾಮಾ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರದು ಎತ್ತಿದ ಕೈ. ಮುಂದೆ ಉಗರಗೋಳದಲ್ಲಿ ನಂಟರ ಮನೆಯ ಮದುವೆಗೆ ಹೋದಾಗ ಎಂದಿನಂತೆ ಕಂಬಕ್ಕೆ ಒರಗಿ ಕಾದರು. ಕಾಯುತ್ತ ಕಾಯುತ್ತ ಬೆವೆತು, ಕಣ್ಣಿಗೆ ಕತ್ತಲೆ ಬಂದು, ಕಂಬ ಹಿಡಿದೇ ಕೆಳಗೆ ಜಾರಿದರು. ಅಡುಗೆಮನೆಯಿಂದ ಓಡಿಬಂದು ಬಾಯಲ್ಲಿ ಬೆಲ್ಲ ಇಟ್ಟವಳು ಅದೇ ಅಡುಗೆಯ ಮುಂದಾಳು. ಅತ್ತೆ ಅಂದು ನಡುಗಿದ್ದು ಅಷ್ಟಿಷ್ಟಲ್ಲ. ಮನೆಗೆ ಬಂದವಳೇ, ಹೊತ್ತಿಗೆ ಸರಿಯಾಗಿ ಉಣ್ಣಿರಿ, ಇಲ್ಲವೆಂದರೆ ಮದುವೆಗಳಿಗೆ ಹೋಗುವುದು ಬಿಡಿರಿ ಎಂದು ಕಣ್ಣೀರು ತಂದುಕೊಂಡಳು.

ಮಾಮಾ ಮದುವೆಗಳನ್ನೇ ಬಿಟ್ಟರು.

ಈ ವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ಸವದತ್ತಿಯ ಹುಡುಗ, ಕಾಳಿನ ವ್ಯಾಪಾರದ ಮನೆತನ. ಮೊದಲ ಪತ್ರಿಕೆ ಕೊಡಲು ಸಂಪಗಾಂವಕ್ಕೆ ಹೋದೆ. ಮಾಮಾ ಪತ್ರಿಕೆಯನ್ನು ಕಣ್ಣಿಗೆ ಒತ್ತಿಕೊಂಡು, ಹುಡುಗಿಗೆ ಇಲ್ಲಿಂದಲೇ ಆಶೀರ್ವಾದ ಮಾಡುತ್ತೇನೆ ಎಂದರು. ನನಗೆ ಸಿಟ್ಟು ಬಂತು. ಬರೀ ಒಂದು ಊಟದ ಸಲುವಾಗಿ ನನ್ನ ಮಗಳ ತಲೆಗೆ ಅಕ್ಕಿಕಾಳು ಹಾಕಲಿಕ್ಕೂ ಬರುವುದಿಲ್ಲವೇ ಎಂದು ಕೇಳಿದೆ.

"ಬಂದ್ರ ಕಾಯಬೇಕಾಕ್ಕೈತಿ, ಕಾದ್ರ ಬೀಳತೇನಿ. ಮದವಿ ಮನ್ಯಾಗ ಬಿದ್ದು ನಿಮಗ್ಯಾಕವಾ ತ್ರಾಸ?" ಎಂದರು.

"ಕಾಯದ ಉಂಡ್ರ ಏನಾಕ್ಕೈತ್ರಿ ಮಾಮಾ?"

ಅವರು ಪತ್ರಿಕೆಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, "ಉಂಡದ್ದು ರುಚಿ ಹತ್ತೂದಿಲ್ಲ ನೋಡವಾ" ಎಂದರು.

ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ನನ್ನ ಸಿಟ್ಟು ಇಳಿದು ಒಂದು ವಿಚಾರ ಹೊಳೆಯಿತು. ಮಾಮಾ ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದರೆ ದುಡಿಯುವವರೆಲ್ಲ ಅವರಿಗಿಂತ ಮೊದಲೇ ಉಂಡಿರಬೇಕು, ಅಷ್ಟೇ ತಾನೇ? ಆದರೆ ಬೀಗರಿಗೆ ಹೇಳುವುದು ಹೇಗೆ? ನಿಮಗಿಂತ ಮೊದಲು ಅಡುಗೆಯವರು, ಸನಾದಿಯವರು ಉಣ್ಣುತ್ತಾರೆ ಎಂದರೆ ಹುಡುಗಿಯನ್ನು ವಾಪಸು ಕಳಿಸಿಯಾರು! ನಾನು ನೇಮದ ಮಾತೇ ಎತ್ತಲಿಲ್ಲ. ನಮ್ಮ ಸೋದರಮಾವಗೆ ಶುಗರ್ ಐತ್ರಿ, ಡಾಕ್ಟರು ಹೊತ್ತಿಗೆ ಸರಿಯಾಗಿ ಉಣ್ಣಬೇಕಂತ ಹೇಳ್ಯಾರ್ರಿ, ಅದಕ್ಕ ಅಕ್ಕಿಕಾಳಿಗಿಂತ ಮೊದಲ ಒಂದು ಪಂಕ್ತಿ ಕೂಡಿಸತೇವ್ರಿ, ಎಂದು ಫೋನಿನಲ್ಲಿ ಅಳುಬುರುಕ ದನಿ ತೆಗೆದೆ. ಬೀಗರು, ಅಯ್ಯೋ, ನನಗೂ ಶುಗರ್ ಐತ್ರಿ, ಅವರ ಜೀವ ಮೊದಲು ಎಂದುಬಿಟ್ಟರು. ನೋಡಿ, ನ್ಯಾಯಕ್ಕೆ ಇಷ್ಟು ವರ್ಷ ಬಗ್ಗದ ಪದ್ಧತಿ ಶುಗರ್ ಎಂದ ತಕ್ಷಣ ಸೊಂಟ ಬಗ್ಗಿಸಿತು!

ಮದುವೆಯ ದಿನ ಅಕ್ಕಿಕಾಳಿಗೆ ಮೊದಲೇ, ಮಂದಿ ಇನ್ನೂ ಮಂಟಪದ ಕಡೆ ಸೇರುತ್ತಿದ್ದಾಗ, ಊಟದ ಮನೆಯಲ್ಲಿ ಮೊದಲ ಪಂಕ್ತಿ ಕೂತಿತು. ಅಡುಗೆಯವರು, ಬಡಿಸುವವರು, ಸನಾದಿ ಡೊಳ್ಳಿನವರು, ಚಪ್ಪರ ಹಾಕಿದವರು. ಬೇವಿನ ಗಿಡದ ಕೆಳಗಲ್ಲ, ಒಳಗೆ, ಫ್ಯಾನಿನ ಕೆಳಗೆ. ನಿಂತು ನೋಡುವವರು ಯಾರೂ ಇರಲಿಲ್ಲ, ಅವಸರ ಮಾಡುವವರೂ ಇರಲಿಲ್ಲ. ನಾನು, ನನ್ನ ಗಂಡ ಬಡಿಸಿದೆವು. ಸವದತ್ತಿಯ ಬೀಗರು ಏನು ನಡೆದಿದೆ ಎಂದು ಇಣುಕಿದವರು, ಬಾಗಿಲಲ್ಲಿ ತುಸು ಹೊತ್ತು ನಿಂತರು. ಆಮೇಲೆ ಜರಿಯ ರುಮಾಲು ತೆಗೆದು ಕಿಟಕಿಯಲ್ಲಿಟ್ಟು, ಸಾರಿನ ಬಕೆಟ್ ಎತ್ತಿಕೊಂಡರು. ಅವರು ಬಡಿಸಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು, ಅದಿರಲಿ.

ಗುಟ್ಟು ಗೊತ್ತಿದ್ದ ಅತ್ತೆ, ಅಕ್ಕಿಕಾಳು ಹಾಕಿ ಬಂದುಬಿಡೋಣ ಎಂದು ಪುಸಲಾಯಿಸಿ ಮಾಮಾ ಅವರನ್ನು ಕರೆತಂದಳು. ಮಾಮಾ ಮಗಳಿಗೆ ಅಕ್ಕಿಕಾಳು ಹಾಕಿ, ಕಣ್ಣು ಒರೆಸಿಕೊಂಡು, ಅಭ್ಯಾಸ ಬಲದಿಂದ ಊಟದ ಮನೆಯ ಕಡೆ ಬಂದು ಒಂದು ಕಂಬ ಹುಡುಕಿಕೊಂಡರು. ಎದುರಿಗೆ ಅಡುಗೆಯ ಮುಂದಾಳು ಎಲೆ ಅಡಿಕೆ ಮೆಲ್ಲುತ್ತ ಆರಾಮ ಕೂತಿದ್ದಳು. ಈಗ ಅವಳಿಗೂ ತಲೆ ನೆರೆತಿದೆ.

"ಉಂಡ್ರೇನು?" ಎಂದು ಮಾಮಾ ಕೇಳಿದರು.

"ನಮ್ಮದು ಯಾವಾಗೋ ಆತ್ರಿ ಯಜಮಾನ್ರ. ಹೊಟ್ಟಿತುಂಬ ಉಂಡೇವಿ. ನೀವ ಉಳದೀರಿ ನೋಡ್ರಿ."

ಮಾಮಾ ಆಕೆಯನ್ನು ನೋಡಿದರು, ನನ್ನನ್ನು ನೋಡಿದರು, ಸನಾದಿಯವರ ಕಡೆ ನೋಡಿದರು. ಅವರೂ ತಲೆಯಾಡಿಸಿದರು. ಕಾಯಲು ಯಾರೂ ಉಳಿದಿರಲಿಲ್ಲ. ಜೀವಮಾನವೆಲ್ಲ ಕಂಬಕ್ಕೆ ಒರಗಿದ ಮನುಷ್ಯನಿಗೆ ಈಗ ಕೈ ಎಲ್ಲಿಟ್ಟುಕೊಳ್ಳಬೇಕೆಂದೂ ತಿಳಿಯಲಿಲ್ಲ. ಅತ್ತೆ ಸುಮ್ಮನೆ ಅವರ ತೋಳು ಹಿಡಿದು ಕರೆದೊಯ್ದು, ಬೀಗರ ಸಾಲಿನಲ್ಲಿ ಕೂಡಿಸಿ, ತಾನೂ ಎಡಕ್ಕೆ ಕೂತಳು. ನಾನು ಬಾಣಲೆಯಿಂದ ಆಗಷ್ಟೇ ಇಳಿದ ಭಜಿ ತಂದು ಹಾಕಿದೆ. ಮಾಮಾ ಒಂದನ್ನು ಬಾಯಿಗೆ ಹಾಕಿಕೊಂಡವರು ಹಾ ಹೂ ಎಂದು ನಾಲಿಗೆ ಸುಟ್ಟುಕೊಂಡರು. ಭಜಿ ಬಿಸಿ ಇರುತ್ತದೆಂಬುದು ಪಾಪ ಅವರಿಗೆ ಹೇಗೆ ಗೊತ್ತಿರಬೇಕು! ಸುತ್ತಲಿನವರೆಲ್ಲ ನಕ್ಕರು. ಅವರೂ ನಕ್ಕರು.

ಎರಡನೆಯ ಭಜಿಯನ್ನು ಕೈಗೆ ತೆಗೆದುಕೊಂಡವರು ಹಾಗೇ ತಡೆದರು. ನನ್ನ ಮುಖ ನೋಡಿದರು.

"ನೀ ಉಂಡಿಯೇನವಾ?"

ನಾನು ಉಂಡಿರಲಿಲ್ಲ. ಅಡುಗೆಯವರು, ಸನಾದಿಯವರು, ಚಪ್ಪರದವರು ಎಲ್ಲರನ್ನೂ ನೆನಪಿಟ್ಟವಳಿಗೆ ನನ್ನ ನೆನಪೇ ಆಗಿರಲಿಲ್ಲ. ಹುಡುಗಿಯ ಅವ್ವ ಉಣ್ಣುವುದು ಎಲ್ಲ ಮುಗಿದ ಮೇಲೆ ಎಂದು ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು. ಮುಂಜಾನೆಯಿಂದ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ನಾನು ಬುಟ್ಟಿಯಿಂದ ಇನ್ನೊಂದು ಭಜಿ ತೆಗೆದು ಅವರ ತಾಟಿಗೆ ಹಾಕಿದೆ.

ಮಾಮಾ ಭಜಿಯನ್ನು ತಾಟಿಗೆ ಇಟ್ಟು, ಅತ್ತೆಯನ್ನು ತುಸು ಸರಿಯಲು ಹೇಳಿ, ತಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದರು. ಅವರ ಗುಳಿಗೆಯ ಹೊತ್ತು ಮೀರುತ್ತಿತ್ತು. ಸವದತ್ತಿಯ ಬೀಗರು ಬಂದು ನನ್ನ ಕೈಯೊಳಗಿನ ಭಜಿಯ ಬುಟ್ಟಿ ಇಸಿದುಕೊಂಡರು. ನಾನು ಕೂತೆ.