ಒಂದು ಜೊತೆ ಶೂ ಕಾಣೆಯಾಗಿದೆ!

ಕಾಡುಗೋಡಿಯ ಲೇಡೀಸ್ ಪಿಜಿಯೊಂದರಲ್ಲಿ ಹನ್ನೊಂದು ವರ್ಷ ವಾರ್ಡನ್ ಆಗಿದ್ದವಳು ನಾನು. ಅರವತ್ತು ಹುಡುಗಿಯರು, ಮೂರು ಮಹಡಿ, ಎರಡು ಗೀಸರ್. ಇಷ್ಟಿದ್ದರೂ ಹಾಜರಿ ಪುಸ್ತಕವೆಂಬ ವಸ್ತುವನ್ನು ನಾನು ಮುಟ್ಟಿದವಳಲ್ಲ. ಒಬ್ಬರಿಗೆ ಒಂದೇ ಜೊತೆ ಚಪ್ಪಲಿ, ಅದು ಬಾಗಿಲ ಹೊರಗಿನ ರ್‍ಯಾಕಿನಲ್ಲಿ, ಇದು ನನ್ನ ಕಾನೂನು. ಸಂಜೆ ಅಲ್ಲಿ ನಿಂತು ಎಣಿಸುತ್ತಿದ್ದೆ. ಅರವತ್ತು ಜೊತೆ ಇದ್ದರೆ ಅರವತ್ತೂ ಜನ ಒಳಗಿದ್ದಾರೆ. ಹುಡುಗಿಯರು ಸುಳ್ಳು ಹೇಳಬಹುದು, ಚಪ್ಪಲಿ ಹೇಳುವುದಿಲ್ಲ!

ಇಂಥ ಪ್ರತಿಭೆಯನ್ನು ಕಾಡುಗೋಡಿ ಎಷ್ಟು ದಿನ ಹಿಡಿದಿಟ್ಟುಕೊಂಡೀತು? ನಮ್ಮ ಪಿಜಿಯಲ್ಲಿದ್ದ ರೇಷ್ಮಾಳ ಚಿಕ್ಕಪ್ಪ ಕೀನ್ಯಾ ದೇಶದ ಬೋರ್ಡಿಂಗ್ ಶಾಲೆಯೊಂದರಲ್ಲಿ ಮೇಷ್ಟ್ರು. ಅಲ್ಲಿನ ಹುಡುಗಿಯರ ಹಾಸ್ಟೆಲ್‌ಗೆ ಮೇಟ್ರನ್ ಬೇಕಾಗಿದ್ದರು. ರೇಷ್ಮಾಳ ಲ್ಯಾಪ್‌ಟಾಪ್ ಮುಂದೆ ಹೊಸ ಸೀರೆ ಉಟ್ಟು ಕೂತೆ. ಹಾಸ್ಟೆಲ್‌ಗಳ ಮುಖ್ಯಸ್ಥೆ ಮಿಸ್ ವಂಜಿರು ಪರದೆಯ ಮೇಲೆ ಕಾಣಿಸಿಕೊಂಡು, "ಮಕ್ಕಳೆಲ್ಲ ಒಳಗಿದ್ದಾರೆ ಅಂತ ನೀವು ಹೇಗೆ ಖಚಿತ ಮಾಡಿಕೊಳ್ಳುತ್ತೀರಿ?" ಎಂದು ಕೇಳಿದರು.

"ನನ್ನದೇ ಒಂದು ಸಿಸ್ಟಂ ಇದೆ ಮೇಡಂ," ಎಂದೆ ಗಂಭೀರವಾಗಿ.

ಅವರು ಅದೇನೋ ಸಾಫ್ಟ್‌ವೇರ್ ಎಂದುಕೊಂಡರು. ಐಟಿ ಕಂಪನಿಗಳೇ ತುಂಬಿರುವ ವೈಟ್‌ಫೀಲ್ಡ್ ಕಡೆಯವಳಲ್ಲವೇ! ಕೆಲಸ ಸಿಕ್ಕಿತು.

ಬೀಳ್ಕೊಡುಗೆ ಭರ್ಜರಿಯಾಗಿ ನಡೆಯಿತು. ಪಿಜಿ ಓನರ್ ಶಾಲು ಹೊದಿಸಿದರು, ಹುಡುಗಿಯರು ಕೇಕ್ ಕತ್ತರಿಸಿದರು. ನಮ್ಮ ಯಜಮಾನರು ಮಾತ್ರ ನೇಮಕಾತಿ ಪತ್ರವನ್ನು ಎರಡು ಸಲ ಓದಿ, "ನೋಡೇ ಗಿರಿಜಾ, ಮೊದಲ ತಿಂಗಳು ಪರೀಕ್ಷೆ ಅಂತ ಹಾಕಿದ್ದಾರೆ. ಆಗ್ಲಿಲ್ಲ ಅಂದ್ರೆ ವಾಪಸ್ ಕಳಿಸ್ತಾರಂತೆ. ಹಂಗೇನಾದ್ರೂ ಆದ್ರೆ ಈ ಶಾಲು ಮುಖಕ್ಕೆ ಹೊದ್ಕೊಂಡು ಬರ್ಬೇಕಾಗುತ್ತೆ," ಎಂದರು.

"ಬಿಡ್ತು ಅನ್ನಿ! ನನ್ನನ್ನ ಕಳಿಸ್ತಾರಾ?"

ಆ ಶಾಲೆಯಲ್ಲಿ ನನ್ನ ಪಾಲಿಗೆ ಬಂದವರು ಇಪ್ಪತ್ತೆಂಟು ಹುಡುಗಿಯರು. ಹಾಜರಿಗೆ ಗೋಡೆಯ ಮೇಲೊಂದು ಹಲಗೆ ಇತ್ತು. ಪ್ರತಿಯೊಬ್ಬಳ ಹೆಸರಿನ ಒಂದು ಬಿಲ್ಲೆ. ಹೊರಗೆ ಹೋಗುವಾಗ ಕೆಂಪು ಬದಿಗೆ ತಿರುಗಿಸಬೇಕು, ಬಂದ ಮೇಲೆ ಹಸಿರು ಬದಿಗೆ. ನನಗೆ ನಗು ಬಂತು. ಬಿಲ್ಲೆಯನ್ನು ಯಾರು ಬೇಕಾದರೂ ತಿರುಗಿಸಬಹುದಲ್ಲ! ಆ ಹಲಗೆಯನ್ನು ಅಂದೇ ಉಗ್ರಾಣಕ್ಕೆ ಸಾಗಿಸಿ, ಶೂಗಳೆಲ್ಲ ಇನ್ನು ಮುಂದೆ ಮುಂಬಾಗಿಲ ಹೊರಗೆ ಎಂದು ಆಜ್ಞೆ ಹೊರಡಿಸಿದೆ. ಪಾಪ, ಒಳ್ಳೆಯ ಮಕ್ಕಳು, ಕೇಳಿದವು. ಐದು ದಿನ ಇಪ್ಪತ್ತೆಂಟು ಜೊತೆ ಕರಿ ಶೂ ಸಾಲಾಗಿ ನಿಂತು ನನಗೆ ಲೆಕ್ಕ ಒಪ್ಪಿಸಿದವು.

ಶನಿವಾರ ಸಂಜೆ ಜೋರು ಮಳೆ ಬಂತು. ಹಗ್ಗದ ಮೇಲೆ ಸೀರೆ ಒಣಹಾಕಿದ್ದು ನೆನಪಾಗಿ, ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಓಡಿದೆ. ಸೀರೆ ತಂದು, ಅಡುಗೆಮನೆಯ ಹಿಂಬಾಗಿಲಿನಿಂದ ಒಳಗೆ ಬಂದು, ತಲೆ ಒರೆಸಿಕೊಂಡು ಎಣಿಕೆಗೆ ನಿಂತೆ.

ಇಪ್ಪತ್ತೇಳು!

ಇನ್ನೊಮ್ಮೆ ಎಣಿಸಿದೆ. ಆ ಕಡೆಯಿಂದ ಈ ಕಡೆಗೂ ಎಣಿಸಿದೆ. ಇಪ್ಪತ್ತೇಳೇ. ಯಾರದೋ ಮನೆಯ ಮಗಳು ಆ ಮಳೆಯಲ್ಲಿ ಎಲ್ಲಿದ್ದಾಳೋ! ಮೆಟ್ಟಿಲ ಬುಡದಲ್ಲಿ ನಿಂತು, "ಎಲ್ಲರೂ ಇದ್ದೀರಾ?" ಎಂದು ಕೂಗಿದೆ.

"ಇದ್ದೇವೆ ಮೇಟ್ರನ್!" ಎಂದು ಮಹಡಿ ಹಾರಿಹೋಗುವಂತೆ ಉತ್ತರ ಬಂತು.

ಆ ಒಗ್ಗಟ್ಟೇ ನನ್ನನ್ನು ಕೆಡಿಸಿದ್ದು. ಕಾಡುಗೋಡಿಯಲ್ಲಿ ಯಾವಳೋ ಒಬ್ಬಳು ಸಿನಿಮಾಕ್ಕೆ ಹೋಗಿದ್ದರೆ, ಅವಳ ರೂಮಿನ ಉಳಿದವರು ಹೀಗೇ ಒಟ್ಟಿಗೆ "ಬಾತ್‌ರೂಮಲ್ಲಿದ್ದಾಳೆ ಆಂಟೀ" ಎಂದು ಕೂಗುತ್ತಿದ್ದರು. ಹೆಸರು ಕರೆದರೆ ಒಬ್ಬಳ ಬದಲು ಇನ್ನೊಬ್ಬಳು ಓ ಎನ್ನುತ್ತಿದ್ದಳು. ನನ್ನ ಹನ್ನೊಂದು ವರ್ಷದ ಅನುಭವ ಮೈ ಕೊಡವಿ ಎದ್ದು ನಿಂತಿತು. ಮಗು ಕಾಣೆಯಾದರೆ ಕೆಂಪು ಗುಂಡಿ ಒತ್ತಬೇಕೆಂದು ನಿಯಮಾವಳಿಯಲ್ಲಿ ಬರೆದಿತ್ತು. ಒತ್ತಿಯೇಬಿಟ್ಟೆ.

ಸೈರನ್ ಇಡೀ ಶಾಲೆಗೆ ಕೇಳಿಸಿತು. ಸೈರನ್ ಆದರೆ ಏನನ್ನೂ ತೆಗೆದುಕೊಳ್ಳದೆ ಹತ್ತಿರದ ಮೆಟ್ಟಿಲು ಇಳಿದು ಮೈದಾನಕ್ಕೆ ಓಡಬೇಕು. ನನ್ನ ಹುಡುಗಿಯರು ಹಿಂದಿನ ಮೆಟ್ಟಿಲಿನಿಂದ ಓಡಿದರು. ಶೂಗಳು ಮುಂಬಾಗಿಲಲ್ಲಿ! ನಾನೂ ಅಡುಗೆಮನೆಯ ಬಾಗಿಲಿಂದ ಧಾವಿಸಿದೆ.

ಮೈದಾನದಲ್ಲಿ ಎಲ್ಲ ಹಾಸ್ಟೆಲ್‌ಗಳ ಮಕ್ಕಳು, ಮೇಷ್ಟ್ರುಗಳು, ಅಡುಗೆಯವರು, ತೋಟದವರು. ಎಲ್ಲರ ಮುಂದೆ ಕೆಂಪು ಕೆಸರಿನಲ್ಲಿ ಬರಿಗಾಲಲ್ಲಿ ನಡುಗುತ್ತಿದ್ದವರು ನನ್ನ ಹುಡುಗಿಯರು. ಮಿಸ್ ವಂಜಿರು ಕೊಡೆ ಹಿಡಿದು ಒಬ್ಬೊಬ್ಬಳ ತಲೆಯನ್ನೂ ಮುಟ್ಟಿ ಎಣಿಸಿದರು.

"ಇಪ್ಪತ್ತೆಂಟೂ ಇದ್ದಾರಲ್ಲ. ಕಾಣೆಯಾದವರು ಯಾರು?"

"ಒಂದು ಜೊತೆ ಮೇಡಂ."

"ಒಂದು ಜೊತೆ ಹುಡುಗಿಯರೇ?"

"ಅಲ್ಲ ಮೇಡಂ... ಶೂ."

ಆಗ ಏಳನೇ ಕ್ಲಾಸಿನ ಗ್ರೇಸ್ ನಿಧಾನವಾಗಿ ಕೈ ಎತ್ತಿದಳು. ವಯಸ್ಸಿಗೆ ಮೀರಿ ಎತ್ತರ ಬೆಳೆದ ಹುಡುಗಿ, ಪಾದವೂ ನನ್ನಷ್ಟೇ ದೊಡ್ಡದು. "ಮೇಟ್ರನ್, ಅದು ನಿಮ್ಮ ಕಾಲಲ್ಲಿದೆ."

ಇಡೀ ಶಾಲೆ ನನ್ನ ಪಾದ ನೋಡಿತು. ನಾನೂ ನೋಡಿಕೊಂಡೆ. ಸೀರೆಯ ಕೆಳಗೆ ಕರಿ ಶೂ, ಕೆಂಪು ಲೇಸು, ಹಿಂಭಾಗವನ್ನು ಹಿಮ್ಮಡಿಯಲ್ಲಿ ತುಳಿದು ಚಪ್ಪಲಿ ಮಾಡಿಕೊಂಡಿದ್ದೆ! ಸೀರೆ ತರಲು ಮೆಟ್ಟಿಕೊಂಡಿದ್ದೂ ಅದನ್ನೇ, ಹಿಂಬಾಗಿಲಲ್ಲಿ ಬಿಟ್ಟಿದ್ದೂ ಅದನ್ನೇ, ಈಗ ಮತ್ತೆ ಓಡಿಬಂದಿದ್ದೂ ಅದರಲ್ಲೇ. ನನ್ನ ಹಾಸ್ಟೆಲ್‌ನಲ್ಲಿ ಅಂದು ಶೂ ಹಾಕಿದ್ದವಳು ನಾನೊಬ್ಬಳೇ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಆಫೀಸಿನಲ್ಲಿ ಮಿಸ್ ವಂಜಿರು, "ಇದೇನಾ ನಿಮ್ಮ ಸಿಸ್ಟಂ?" ಎಂದು ಕೇಳಿ ಫೈಲಿನೊಳಗೆ ಮುಖ ಹುದುಗಿಸಿದರು. ಭುಜಗಳು ಅಲುಗುತ್ತಿದ್ದವು. ಶಾಲೆಯ ಗತಿ ನೆನೆದು ಅಳುತ್ತಿದ್ದಾರೆಂದು ನಾನೂ ಕಣ್ಣೊರೆಸಿಕೊಂಡೆ. ಮುಖ ಎತ್ತಿದಾಗ ಗೊತ್ತಾಯಿತು, ನಗುತ್ತಿದ್ದರು. ತೀರ್ಪು ಹೀಗಿತ್ತು: ವಾಪಸ್ ಕಳಿಸುವುದಿಲ್ಲ, ಪರೀಕ್ಷೆಯ ಅವಧಿ ಒಂದು ತಿಂಗಳಲ್ಲ, ಮೂರು. ಹಲಗೆ ಮತ್ತೆ ಗೋಡೆಗೆ. ಅದರಲ್ಲಿ ಇಪ್ಪತ್ತೊಂಬತ್ತನೆಯ ಬಿಲ್ಲೆ ನನ್ನದು!

ಮರುದಿನ ಸಂಜೆ ಯಜಮಾನರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನಕ್ಕು ನಕ್ಕು ಕೆಮ್ಮಿದರು.

"ನಗ್ಬೇಡ್ರೀ. ಕಾಡುಗೋಡಿಲಿ ಹನ್ನೊಂದು ವರ್ಷ ಒಂದು ದಿನಾನೂ ತಪ್ಪಿರ್ಲಿಲ್ಲ ನನ್ನ ಲೆಕ್ಕ."

"ಅದೇ ಹೇಳೋಣ ಅಂತಿದ್ದೆ ಕಣೇ. ಹೊಸ ವಾರ್ಡನ್ ನಿನ್ನೆ ಆ ರ್‍ಯಾಕ್ ಕ್ಲೀನ್ ಮಾಡ್ಸಿದ್ರಂತೆ. ಹದಿನೇಳು ಜೊತೆ ಹಳೇ ಚಪ್ಪಲಿ ಯಾರದ್ದೂ ಅಲ್ವಂತೆ."

"ಹಾಗಂದ್ರೆ?"

"ಹಳೇ ಜೊತೆ ನಿನ್ನ ಎಣಿಕೆಗೆ ಅಂತ ಅಲ್ಲಿಟ್ಟು, ಹೊಸಾದು ಹಾಕ್ಕೊಂಡು ಸಿನಿಮಾಗೆ ಹೋಗ್ತಿದ್ರಂತೆ. ಪಿಜಿ ಬಿಟ್ಟು ಹೋಗೋರು ಆ ಚಪ್ಪಲೀನ ಹೊಸಬರಿಗೆ ಕೊಟ್ಟು ಹೋಗ್ತಿದ್ರಂತೆ!"

ಹನ್ನೊಂದು ವರ್ಷ ನಾನು ಕಾವಲು ಕಾದದ್ದು ಚಪ್ಪಲಿಗಳಿಗೆ. ಫೋನ್ ಇಟ್ಟೆ. ಕೆಳಗಿನಿಂದ ಗ್ರೇಸ್‌ಳ ದನಿ ಕೇಳಿಸಿತು.

"ಮೇಟ್ರನ್, ನಿಮ್ಮ ಬಿಲ್ಲೆ ಇನ್ನೂ ಕೆಂಪಾಗಿದೆ. ಒಳಗಿದ್ದೀರಾ?"

"ಇದ್ದೇನೆ!" ಎಂದು ಕೂಗಿದೆ.

ಅವಳು ನಂಬಲಿಲ್ಲ. ಮೆಟ್ಟಿಲು ಹತ್ತಿ ಬಂದು, ಮೊದಲು ನನ್ನ ಮುಖ ನೋಡಿ, ಆಮೇಲೆ ಕಾಲು ನೋಡಿ, ಕೆಳಗಿಳಿದು ಹೋಗಿ ಬಿಲ್ಲೆ ತಿರುಗಿಸಿದಳು.